ಮ್ಯಾಮೊಗ್ರಾಂ ವರದಿಯಲ್ಲಿ ಆ ಒಂದು ಅಕ್ಷರ

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿಕೊಂಡು ಬಂದವರು ವರದಿಯಲ್ಲಿ 'ನಾರ್ಮಲ್' ಅಂತ ಇದ್ದರೆ ಸಾಕು, ಕವರ್ ಬೀರುವಿಗೆ ಸೇರಿಸಿಬಿಡುತ್ತಾರೆ. ಅದೇ ಹಾಳೆಯಲ್ಲಿ ಎ, ಬಿ, ಸಿ, ಡಿ ಇವುಗಳಲ್ಲಿ ಒಂದು ಅಕ್ಷರ ಇರುತ್ತದೆ. ದಯವಿಟ್ಟು ಅದನ್ನೂ ಓದಿ. 0ಯಿಂದ 6ರವರೆಗಿನ ಬೈ-ರಾಡ್ಸ್ ಅಂಕಿ ಬೇರೆ, ಈ ಅಕ್ಷರ ಬೇರೆ. ಚಿತ್ರದಲ್ಲಿ ಏನು ಕಂಡಿತು ಅನ್ನುವುದಕ್ಕೆ ಅಂಕಿ. ಸ್ತನದ ಅಂಗಾಂಶ ಎಷ್ಟು ಸಾಂದ್ರವಾಗಿದೆ ಅನ್ನುವುದಕ್ಕೆ ಅಕ್ಷರ.

ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಹಾಲಿನ ಗ್ರಂಥಿ ಮತ್ತು ನಾರು ಬೆಳ್ಳಗೆ. ಗಡ್ಡೆಯೂ ಬೆಳ್ಳಗೇ. ಎ ಅಂದರೆ ಬಹುಪಾಲು ಕೊಬ್ಬು, ಡಿ ಅಂದರೆ ತೀರಾ ಸಾಂದ್ರ. ಡಿ ಇದ್ದಲ್ಲಿ ಸಣ್ಣ ಗಡ್ಡೆ ಹುಡುಕುವುದು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಬಿಳಿ ರೇಷ್ಮೆಗೂಡಿನ ರಾಶಿಯೊಳಗೆ ಹತ್ತಿಯುಂಡೆ ಹುಡುಕಿದ ಹಾಗೆ. ಕೈಗೆ ಗಟ್ಟಿ ಅನ್ನಿಸಿದರೆ ಸಾಂದ್ರ ಅಂತಲ್ಲ. ಇದು ಚಿತ್ರದಲ್ಲಿ ಮಾತ್ರ ತಿಳಿಯುವ ಗುಣ. ವಯಸ್ಸಾದಂತೆ, ಮುಟ್ಟು ನಿಂತ ಮೇಲೆ ಸಾಂದ್ರತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಏರಬಹುದು, ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ಮಾತ್ರೆಯಿಂದ ಇಳಿಯಬಹುದು.

ಗಡ್ಡೆಯನ್ನು ಮರೆಮಾಡುವುದಷ್ಟೇ ಅಲ್ಲ, ಸಾಂದ್ರ ಅಂಗಾಂಶ ಇರುವವರಿಗೆ ಕ್ಯಾನ್ಸರ್ ಬರುವ ಸಾಧ್ಯತೆಯೇ ಹೆಚ್ಚು. ಅಮೆರಿಕದ ರೇಡಿಯಾಲಜಿಸ್ಟ್ ಜಾನ್ ವುಲ್ಫ್ 1976ರಲ್ಲೇ ಈ ನಂಟನ್ನು ತೋರಿಸಿದ್ದರು. ಅತಿ ಸಾಂದ್ರ ಸ್ತನವನ್ನು ಬರೀ ಕೊಬ್ಬಿನ ಸ್ತನಕ್ಕೆ ಹೋಲಿಸಿದರೆ ಅಪಾಯ ಸುಮಾರು 4ರಿಂದ 6 ಪಟ್ಟು. ಇದನ್ನು ಕೇಳಿ ಹೆದರಬೇಡಿ. ಅದು ಎರಡು ತುದಿಗಳ ಲೆಕ್ಕ. ಹೆಚ್ಚಿನವರು ನಡುವಿನ ಬಿ, ಸಿಯಲ್ಲೇ ಇರುತ್ತಾರೆ. ಸಾಂದ್ರತೆ ಕಾಯಿಲೆಯಲ್ಲ.

ಕ್ಯಾನ್ಸರ್ ಇದೆ ಅಂತ ಗೊತ್ತಾದ ಮೇಲೆ ಮಾತು ಬೇರೆ. ಸಾಂದ್ರತೆ ಹೆಚ್ಚಿದ್ದವರು ಆ ಕಾರಣಕ್ಕೇ ಹೆಚ್ಚು ಸಾಯುತ್ತಾರೆ ಅಂತ ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮುಂದಿನ ದಾರಿ ತೀರ್ಮಾನವಾಗುವುದು ಗಡ್ಡೆಯ ಅಳತೆ, ಕಂಕುಳಿನ ಗ್ರಂಥಿಗೆ ಹರಡಿದೆಯೇ ಅನ್ನುವುದು, ಗ್ರೇಡ್ (ಕೋಶಗಳು ಸಹಜ ರೂಪದಿಂದ ಎಷ್ಟು ಬದಲಾಗಿವೆ ಅನ್ನುವುದು), ಮತ್ತು ಗಡ್ಡೆಯ ಕೋಶದಲ್ಲಿ ಹಾರ್ಮೋನ್ ಗ್ರಾಹಕಗಳನ್ನೂ (ಇಆರ್, ಪಿಆರ್) ಹರ್-2 ಎಂಬ ಪ್ರೋಟೀನನ್ನೂ ನೋಡುವ ಪರೀಕ್ಷೆಗಳಿಂದ. ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿಯಲ್ಲಿ ಇಆರ್, ಪಿಆರ್, ಹರ್-2 ಮೂರೂ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಸಿ ಅಥವಾ ಡಿ ಬಂದರೆ ಜೊತೆಗೆ ಅಲ್ಟ್ರಾಸೌಂಡ್ ಬೇಕೇ ಅಂತ ವೈದ್ಯರನ್ನು ಕೇಳಿ. ಮ್ಯಾಮೊಗ್ರಾಂಗೆ ಸಿಗದ ಕೆಲವು ಗಡ್ಡೆ ಅದರಲ್ಲಿ ಸಿಗುತ್ತವೆ. ಕ್ಯಾನ್ಸರ್ ಅಲ್ಲದ ಗಂಟಿಗೂ ಸೂಜಿ ಚುಚ್ಚಿಸಿಕೊಳ್ಳುವ ಸಂದರ್ಭ ಬರುತ್ತದೆ, ಅದನ್ನೂ ತಿಳಿದಿರಿ. ಮುಟ್ಟು ಮುಗಿದ ವಾರದಲ್ಲಿ ಮ್ಯಾಮೊಗ್ರಾಂಗೆ ಹೋದರೆ ಯಂತ್ರ ಸ್ತನವನ್ನು ಒತ್ತುವಾಗ ನೋವು ಕಡಿಮೆ. ಅವತ್ತು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಬೇಡ, ಅದರ ಕಣಗಳು ಚಿತ್ರದಲ್ಲಿ ಕ್ಯಾನ್ಸರ್ ಸುಳಿವಾಗಬಹುದಾದ ಸುಣ್ಣದ ಚುಕ್ಕೆಯಂತೆ ಕಾಣುತ್ತವೆ. ಹಳೆಯ ಫಿಲ್ಮು, ಸಿಡಿ ತಪ್ಪದೆ ಒಯ್ಯಿರಿ.

ಕೈಗೆ ಗಂಟು ಸಿಗುತ್ತಿದ್ದರೆ, ಮೊಲೆತೊಟ್ಟಿನಿಂದ ರಕ್ತ ಬರುತ್ತಿದ್ದರೆ, 'ನಾರ್ಮಲ್' ವರದಿ ನೆಚ್ಚಿಕೊಂಡು ಮುಂದಿನ ವರ್ಷದವರೆಗೆ ಕಾಯಬೇಡಿ. ಅದೇ ವಾರ ಮತ್ತೆ ತೋರಿಸಿ.