ಒಂದಾಳುದ್ದದ ಮೌನ

ಪತ್ರಿಕೋದ್ಯಮ ವಿಭಾಗದ ಕೊನೆಯ ವರ್ಷದಲ್ಲಿ ನಮ್ಮ ರೇಡಿಯೋ ಮೇಷ್ಟ್ರು ಕೊಟ್ಟ ಕೆಲಸ ಮೇಲ್ನೋಟಕ್ಕೆ ಸುಲಭವಾಗಿತ್ತು: ಒಂದೇ ವಿಷಯದ ಮೇಲೆ 40 ಸೆಕೆಂಡಿನ ಸುದ್ದಿಯನ್ನೂ ಜನರ ದನಿ, ಸದ್ದುಗಳಿಂದ ಹೆಣೆದ 30 ನಿಮಿಷದ ನುಡಿಚಿತ್ರವನ್ನೂ ಸಿದ್ಧಪಡಿಸಬೇಕು. ಕೆಲವೇ ತಿಂಗಳಲ್ಲಿ ತೆಗೆದುಹಾಕಲಿದ್ದ ಒಂದು ರೈಲ್ವೆ ಗೇಟನ್ನು ನಾನು ಆರಿಸಿಕೊಂಡೆ. ಸುದ್ದಿ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ದಿನಾಂಕ, ಕಾರಣ, ಅಧಿಕಾರಿಯ ಹೇಳಿಕೆ ಎಲ್ಲವೂ ಅದರಲ್ಲಿದ್ದವು, ಯಾವುದೂ ತಪ್ಪಾಗಿರಲಿಲ್ಲ.

ನುಡಿಚಿತ್ರಕ್ಕೆ ಆರು ವಾರ ಹಿಡಿಯಿತು. ಗೇಟು ಕಾಯುವವರು ಮೊದಲೆರಡು ದಿನ ಮೈಕಿನ ಮುಂದೆ ಮೇಲಧಿಕಾರಿಗೆ ವರದಿ ಒಪ್ಪಿಸುವವರಂತೆ ಮಾತನಾಡಿದರು. ಮೈಕು ಅಲ್ಲಿದೆಯೆಂಬುದನ್ನೇ ಅವರು ಮರೆತ ನಾಲ್ಕನೆಯ ದಿನ, ರೈಲು ಕಣ್ಣಿಗೆ ಬೀಳುವ ಮೊದಲೇ ಹಳಿಗಳು ಸಣ್ಣಗೆ ಗುಂಯ್‌ಗುಡುತ್ತವೆಂದೂ, ಬರುತ್ತಿರುವುದು ಗೂಡ್ಸೋ ಪ್ಯಾಸೆಂಜರೋ ಎಂಬುದನ್ನು ತಾವು ಆ ಸದ್ದಿನಿಂದಲೇ ಹೇಳಬಲ್ಲೆವೆಂದೂ ತಾವಾಗಿಯೇ ಹೇಳಿದರು. ಇಂಥ ಮಾತು ಪ್ರಶ್ನೆ ಕೇಳಿದರೆ ಬರುವುದಿಲ್ಲ, ಜೊತೆಗೆ ಕುಳಿತರೆ ಬರುತ್ತದೆ.

ಆ ವಾರವೇ ಮೇಷ್ಟ್ರು ಬಿಬಿಸಿಯ ರೇಡಿಯೋ ನಿರ್ಮಾಪಕ ಚಾರ್ಲ್ಸ್ ಪಾರ್ಕರ್ ಅವರ ವಿಷಯ ಹೇಳಿದ್ದರು. ಜನರ ಮಾತನ್ನು ಬರೆದುಕೊಂಡು ನಟರ ಬಾಯಲ್ಲಿ ಆಡಿಸುವುದು ಸಾಮಾನ್ಯವಾಗಿದ್ದ ಕಾಲದಲ್ಲಿ, ಹತೋಟಿ ತಪ್ಪಿ ಓಡುತ್ತಿದ್ದ ಗಾಡಿಯನ್ನು ತಡೆಯಲು ಹೋಗಿ 1957ರಲ್ಲಿ ಪ್ರಾಣ ತೆತ್ತ ರೈಲು ಚಾಲಕ ಜಾನ್ ಆಕ್ಸನ್ ಅವರನ್ನು ಕುರಿತು ಪಾರ್ಕರ್ ಮತ್ತು ಸಂಗಡಿಗರು 1958ರಲ್ಲಿ ಮಾಡಿದ ಕಾರ್ಯಕ್ರಮದಲ್ಲಿ ಆತನ ಸಹೋದ್ಯೋಗಿಗಳ ಧ್ವನಿಯನ್ನೇ ಕೇಳಿಸಿದರು.

ಆಗ ನಮ್ಮದು ಟೇಪಿನ ಕಾಲ. ಸೆಕೆಂಡಿಗೆ ಏಳೂವರೆ ಅಂಗುಲ, ಅಂದರೆ 19 ಸೆಂಟಿಮೀಟರ್ ಓಡುವ ಟೇಪಿನಲ್ಲಿ ಅರ್ಧ ಗಂಟೆಯೆಂದರೆ 340 ಮೀಟರಿಗೂ ಹೆಚ್ಚು. ಅದನ್ನು ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ ಸಂಕಲನ ಮಾಡುತ್ತಿದ್ದೆವು. ಗೇಟು ಹೋದಮೇಲೆ ಏನು ಮಾಡುತ್ತೀರಿ ಎಂದು ಕೇಳಿದ್ದಾಗ ಗೇಟು ಕಾಯುವವರು 9 ಸೆಕೆಂಡು ಸುಮ್ಮನಿದ್ದು, ಅನಂತರ "ರಾತ್ರಿ ಮಲಗಬೇಕು" ಎಂದಿದ್ದರು. ಸುದ್ದಿಮನೆಯಲ್ಲಿ ಎರಡು ಸೆಕೆಂಡಿನ ಮೌನಕ್ಕೇ ಎಲ್ಲರೂ ಗಾಬರಿಯಾಗುತ್ತಾರೆ. ನಾನು ಅದನ್ನು ಕತ್ತರಿಸಿ ಹಾಕಿದ್ದೆ. ಮೇಷ್ಟ್ರು ನೆಲದ ಮೇಲಿನ ಚೂರುಗಳಲ್ಲಿ ಎಲ್ಲಕ್ಕಿಂತ ಉದ್ದದ್ದನ್ನು ಹುಡುಕಿ ತೆಗೆದು, ಒಂದು ತುದಿಯನ್ನು ನೆತ್ತಿಯ ಮಟ್ಟಕ್ಕೆ ಎತ್ತಿ ಹಿಡಿದರು. 171 ಸೆಂಟಿಮೀಟರ್! ಅವರು ಕುಳ್ಳಗಿದ್ದುದರಿಂದ ಇನ್ನೊಂದು ತುದಿ ನೆಲದಲ್ಲಿ ಮಡಿಚಿಕೊಂಡಿತ್ತು. "ಇಡೀ ಮನುಷ್ಯನನ್ನೇ ಬಿಸಾಕಿದ್ದೀಯಲ್ಲಪ್ಪ" ಎಂದರು. ಮತ್ತೆ ಅಂಟಿಸಿದೆ.

ಉದ್ದವಾದ ಮಾತ್ರಕ್ಕೆ ಯಾವುದೂ ನುಡಿಚಿತ್ರವಾಗುವುದಿಲ್ಲ. ಎಳೆದ ಸುದ್ದಿ ಎಳೆದ ಸುದ್ದಿಯೇ. ಮುಂದೆ ವರ್ಷಗಟ್ಟಲೆ ವಾರ್ತಾ ವಿಭಾಗದಲ್ಲಿ ದುಡಿದ ನಾನು ಸುದ್ದಿಯನ್ನು ಹಗುರವಾಗಿ ಕಾಣಲಾರೆ. ಆದರೂ ಬರೆದ ಸಾವಿರಾರು ಸುದ್ದಿಗಳಲ್ಲಿ ನೆನಪಿರುವುವು ಕೆಲವೇ. ನುಡಿಚಿತ್ರಗಳಲ್ಲಿ ಮಾತನಾಡಿದವರ ಉಸಿರಾಟವೂ ನೆನಪಿದೆ.

ಗೇಟು ತೆಗೆದ ಕೆಲವು ವಾರಗಳ ಮೇಲೆ ಗೇಟು ಕಾಯುತ್ತಿದ್ದವರು ನಮ್ಮ ವಿಭಾಗದ ಸ್ಟುಡಿಯೋಕ್ಕೆ ಬಂದು, ಇಡೀ ಕಾರ್ಯಕ್ರಮವನ್ನು ತಲೆ ತಗ್ಗಿಸಿಕೊಂಡು ಕೇಳಿದರು. ಮುಗಿದಮೇಲೆ ಇನ್ನೊಮ್ಮೆ ಹಾಕಬೇಕೆಂದು ಕೋರಿದ್ದು ತಮ್ಮ ಮಾತನ್ನಲ್ಲ, ಗೇಟಿನ ಗಂಟೆಯನ್ನು.