ಕತ್ತಲೆ ಕೋಣೆಯಲ್ಲಿ 6/6, ಘಾಟಿಯಲ್ಲಿ ರಸ್ತೆಯೇ ಕಾಣಲ್ಲ

"ಮೇಡಂ, ಎದುರು ಗಾಡಿ ಲೈಟ್ ಬಿದ್ರೆ ಸಾಕು, ರಸ್ತೆನೇ ಬೆಳ್ಳಗಾಗಿಬಿಡುತ್ತೆ."

ಹೀಗೆ ಹೇಳಿಕೊಂಡು ಬಂದವರು ಒಬ್ಬ ಲಾರಿ ಡ್ರೈವರ್. ವಯಸ್ಸು ನಲವತ್ತೈದರ ಮೇಲೆ. ಹಾಸನದಿಂದ ಮಂಗಳೂರಿಗೆ ಲೋಡು, ರಾತ್ರಿ ಹೊತ್ತಲ್ಲಿ ಶಿರಾಡಿ ಘಾಟಿ ಇಳೀಬೇಕು. ನಾನಾಗ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದೆ. ಕೋಣೆಯ ಲೈಟ್ ಆರಿಸಿ ಅಕ್ಷರದ ಬೋರ್ಡ್ ಓದಿಸಿದೆ. ಎರಡೂ ಕಣ್ಣಲ್ಲಿ ಕೊನೆ ಸಾಲಿನವರೆಗೂ ತಡವರಿಸದೆ ಓದಿದರು. 6/6, ಅಂದರೆ ಸರಿಯಾದ ದೃಷ್ಟಿ. "ಕಣ್ಣು ಚೆನ್ನಾಗಿದೆ ಅಣ್ಣ, ನಿದ್ದೆ ಸಾಲ್ತಿಲ್ಲ ಅನ್ಸುತ್ತೆ" ಎಂದು ಹೇಳಿ ಕಳಿಸಿಬಿಟ್ಟೆ. ಆ ಮಾತು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎರಡು ತಿಂಗಳಾದ ಮೇಲೆ ಅವರು ಮತ್ತೆ ಬಂದರು, ಮಧ್ಯಾಹ್ನದ ಉರಿಬಿಸಿಲಲ್ಲಿ. ಬಾಗಿಲ ಹೊರಗೆ ನಿಂತು, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು, ಇದೇ ಅಂಗಡೀನಾ ಅಂತ ಬೋರ್ಡ್ ನೋಡುತ್ತಿದ್ದರು. ಬಿಸಿಲಲ್ಲೂ ತೊಂದರೆನಾ ಎಂದು ಕೇಳಿದೆ. "ಬಿಸಿಲಲ್ಲೇ ಜಾಸ್ತಿ. ಮರದ ನೆರಳಿಗೆ ಹೋದ್ರೆ ಸರಿ ಹೋಗುತ್ತೆ" ಎಂದರು.

ಈ ಸಲ ಲೈಟ್ ಆರಿಸಲಿಲ್ಲ. ಪಕ್ಕದಿಂದ ಕಣ್ಣಿಗೆ ಪೆನ್ ಟಾರ್ಚ್ ಹಿಡಿದು ಅದೇ ಅಕ್ಷರದ ಬೋರ್ಡ್ ಓದಿಸಿದೆ. ಅಂದು ಕೊನೆ ಸಾಲು ಓದಿದವರು ನಾಲ್ಕನೇ ಸಾಲಿಗೇ ನಿಂತರು. 6/18, ಅಂದರೆ ಸರಿಯಾದ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವರು 6 ಮೀಟರ್‌ನಿಂದ ಓದಬೇಕು. ಮಾತ್ರೆ ಏನಾದರೂ ತಗೋತೀರಾ ಎಂದರೆ, ಉಬ್ಬಸಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದ್ದಾರೆ. ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿದೆ. ಮಸೂರದ ಹಿಂಭಾಗದಲ್ಲಿ, ಸರಿಯಾಗಿ ನಡುವಿಗೆ ಪೊರೆ ಬಂದಿತ್ತು.

ಈ ಜಾತಿಯ ಪೊರೆ ಮೋಸ ಮಾಡುವುದೇ ಹೀಗೆ. ಕತ್ತಲಲ್ಲಿ ಕಣ್ಣಿನ ಪಾಪೆ 6-7 ಮಿಲಿಮೀಟರ್‌ವರೆಗೂ ಅಗಲವಾಗಬಹುದು, ಆಗ ಬೆಳಕು ಪೊರೆಯ ಪಕ್ಕದಿಂದ ನುಸುಳಿ ಒಳಗೆ ಹೋಗುತ್ತದೆ. ಜೋರು ಬೆಳಕು ಬಿದ್ದಾಗ ಪಾಪೆ 2-3 ಮಿಲಿಮೀಟರ್‌ಗೆ ಕುಗ್ಗುತ್ತದೆ, ಇರುವ ದಾರಿಗೆಲ್ಲ ಪೊರೆಯೇ ಅಡ್ಡ. ಅದರ ಮೇಲೆ, ಹೆಡ್‌ಲೈಟ್ ಬೆಳಕು ಪೊರೆಗೆ ತಾಗಿ ಕಣ್ಣೊಳಗೆಲ್ಲ ಚೆದುರುತ್ತದೆ. ಮಂಜು ಹಿಡಿದ ಗಾಜಿಗೆ ಬಿಸಿಲು ಬಿದ್ದರೆ ಆಚೆ ಕಡೆಯದು ಕಾಣುವುದಿಲ್ಲ ಅಲ್ವಾ, ಹಾಗೆ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರ ಹೇಗೋ ಓದಬಹುದು. ಕತ್ತಲಲ್ಲಿ ಕಪ್ಪು ಕಂಬಳಿ ಹೊದ್ದು ರಸ್ತೆ ಬದಿ ನಡೆಯುವವರು ಹೇಗೆ ಕಾಣಬೇಕು?

ಲೈಟ್ ಕುಕ್ಕಿದರೆ ಅದೆಲ್ಲ ಪೊರೆಯೇ ಅಂತಲ್ಲ. ಸಿಲಿಂಡರ್ ಪವರ್ (ಕಣ್ಣಿನ ಮುಂಭಾಗದ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷ) ಇದ್ದೂ ಕನ್ನಡಕ ಹಾಕದಿರುವುದು, ಒಣಗಿದ ಕಣ್ಣು, ಗೀರು ಬಿದ್ದ ಕನ್ನಡಕ, ಒಳಗಡೆ ಜಿಡ್ಡು ಹಿಡಿದ ಗಾಡಿಯ ಮುಂದಿನ ಗಾಜು, ಯಾವುದೂ ಇರಬಹುದು. ರಾತ್ರಿ ಓಡಿಸೋಕೆ ಅಂತ ಮಾರುವ ಹಳದಿ ಕನ್ನಡಕ ಮಾತ್ರ ದಯವಿಟ್ಟು ಬೇಡ. ಇರುವ ಸ್ವಲ್ಪ ಬೆಳಕನ್ನೂ ಅದು ಕಡಿಮೆ ಮಾಡುತ್ತದೆ.

ಈಗ ಯಾರೇ ಬಂದರೂ ಯಾವ ಹೊತ್ತಲ್ಲಿ, ಎಂಥ ಬೆಳಕಲ್ಲಿ ತೊಂದರೆ ಎಂದು ಮೊದಲು ಕೇಳುತ್ತೇನೆ. ಬೋರ್ಡ್ ಆಮೇಲೆ.

ಬಲಗಣ್ಣಿನ ಆಪರೇಷನ್ ಆಗಿ ಒಂದೂವರೆ ತಿಂಗಳಿಗೆ ಆ ಅಣ್ಣ ಬಂದಿದ್ದರು. ಎಡಗಣ್ಣಿಂದು ಇನ್ನೂ ಬಾಕಿ, ಅಲ್ಲೀತನಕ ರಾತ್ರಿ ಲೋಡು ಬೇಡ ಎಂದು ಮಾಲೀಕರಿಗೆ ಹೇಳಿದ್ದಾರಂತೆ. ಕೂತವರೇ, "ಟಾರ್ಚ್ ಇನ್ನೂ ಹತ್ರ ಹಿಡೀರಿ ಮೇಡಂ, ನೋಡೇಬಿಡೋಣ" ಎಂದು ಎಡಗಣ್ಣು ಮುಚ್ಚಿಕೊಂಡು ಕೊನೆ ಸಾಲು ಓದಿದರು.