ಸವಾಯಿ ದ್ವೀಪಕ್ಕೆ ಸೈಕಲ್‌ನಲ್ಲಿ ಒಂದು ಸುತ್ತು: ಹೋಗುವವರಿಗೆ ನಾಲ್ಕು ಮಾತು

ಪೆಸಿಫಿಕ್ ಸಾಗರದ ಸಮೋವಾದಲ್ಲಿ ಸೈಕಲ್ ತುಳಿದು ಬಂದೆ ಅಂದಾಗಿನಿಂದ ಗೆಳತಿಯರು ಕೇಳುವುದು ಒಂದೇ ಪ್ರಶ್ನೆ. ನಮ್ಮ ಕೈಲಿ ಆಗುತ್ತಾ? ಆಗುತ್ತದೆ. ನಮ್ಮ ಗುಂಪಿನಲ್ಲಿ ಒಂಬತ್ತು ಹೆಂಗಸರಿದ್ದೆವು. ಚಿಕ್ಕವಳಿಗೆ 31, ಹಿರಿಯರಿಗೆ 67, ಆ ಹಿರಿಯರು ಒಂದು ದಿನವೂ ನಮ್ಮ ಹಿಂದೆ ಬರುತ್ತಿದ್ದ ವ್ಯಾನ್ ಹತ್ತಲಿಲ್ಲ. ದಿನಕ್ಕೆ 30ರಿಂದ 45 ಕಿಲೋಮೀಟರ್ ಅಷ್ಟೇ. ಕಾಲಿನ ಚಿಂತೆ ಬಿಡಿ. ಬಿಸಿಲು, ನಾಯಿ, ಊಟ, ಭಾನುವಾರ, ಈ ನಾಲ್ಕನ್ನು ಮೊದಲೇ ಯೋಚಿಸಿಕೊಂಡು ಹೊರಡಿ.

ಸಮೋವಾದಲ್ಲಿ ಎರಡು ದೊಡ್ಡ ದ್ವೀಪಗಳಿವೆ. ರಾಜಧಾನಿ ಆಪಿಯಾ ಇರುವುದು ಉಪೋಲುವಿನಲ್ಲಿ, ವಿಮಾನ ಇಳಿಯುವುದೂ ಅಲ್ಲೇ. ನಾವು ಸುತ್ತಿದ್ದು ಪಕ್ಕದ ಸವಾಯಿ. ಉಪೋಲುಗಿಂತ ದೊಡ್ಡದು, ಜನ ಮಾತ್ರ ತುಂಬಾ ಕಡಿಮೆ. ದ್ವೀಪದ ಸುತ್ತ ಒಂದೇ ಡಾಂಬರು ರಸ್ತೆ, 200 ಕಿಲೋಮೀಟರಿಗಿಂತ ಕಡಿಮೆ, ಹೊರಟಲ್ಲಿಗೇ ತಂದು ಬಿಡುತ್ತದೆ. ದಾರಿ ತಪ್ಪುವ ಮಾತೇ ಇಲ್ಲ. ವಾಹನಗಳು ಎಡಗಡೆ ಓಡುತ್ತವೆ, ನಮಗೆ ಅಭ್ಯಾಸವೇ. 2009ರವರೆಗೆ ಬಲಗಡೆ ಓಡುತ್ತಿದ್ದವಂತೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಹಳೇ ಕಾರುಗಳು ಅಗ್ಗಕ್ಕೆ ಸಿಗಲಿ ಅಂತ ಇಡೀ ದೇಶ ಪಕ್ಕ ಬದಲಿಸಿತು.

ನಾನಿರುವುದು ಆಕ್ಲೆಂಡ್‌ನಲ್ಲಿ, ಅಲ್ಲಿಂದ ನಾಲ್ಕು ಗಂಟೆಯ ವಿಮಾನ. ಉಡುಪಿಯಿಂದ ಬಂದ ನನ್ನ ಅತ್ತಿಗೆಗೆ ಓಡಾಟ ಜಾಸ್ತಿಯಾಯಿತು. ಊರಿಂದ ಬರುವವರು ಇದನ್ನು ಗಮನಿಸಿ: ಭಾರತದ ಪಾಸ್‌ಪೋರ್ಟ್ ಇದ್ದರೆ ಆಕ್ಲೆಂಡ್‌ನಲ್ಲಿ ಸುಮ್ನೆ ವಿಮಾನ ಬದಲಿಸುವುದಕ್ಕೂ ಮೊದಲೇ ಟ್ರಾನ್ಸಿಟ್ ವೀಸಾ ಮಾಡಿಸಬೇಕು. ಅತ್ತಿಗೆ ಅದಕ್ಕೇ ಸಿಂಗಾಪುರ, ಫಿಜಿ ಮೇಲಿಂದ ಬಂದಳು, ಆ ದಾರಿಯೇ ಸುಲಭ. ಇನ್ನೊಂದು ವಿಷಯ. ಫಲೆಓಲೊ ವಿಮಾನ ನಿಲ್ದಾಣದಿಂದ ಮುಲಿಫನುವಾ ದೋಣಿಕಟ್ಟೆ ತೀರಾ ಹತ್ತಿರ, ಆಪಿಯಾ ಮಾತ್ರ ದೂರ. ರಾತ್ರಿ ಇಳಿದರೆ ನಿಲ್ದಾಣದ ಹತ್ತಿರವೇ ಮಲಗಿ, ಬೆಳಗ್ಗೆ ನೇರ ಫೆರಿ ಹತ್ತಿ. ಒಂದು, ಒಂದೂವರೆ ಗಂಟೆಯಲ್ಲಿ ಸವಾಯಿಯ ಸಲೆಲೊಲೊಙ ತಲುಪುತ್ತೀರಿ.

ಹೌದು, ಙ ಅಕ್ಷರವೇ. ಒಂದನೇ ಕ್ಲಾಸಿನಲ್ಲಿ ಬರೆದು ಆಮೇಲೆ ಎಲ್ಲೂ ಬಳಸದೆ ಬಿಟ್ಟ ಆ ಅಕ್ಷರ ಸಮೋವಾದ ಭಾಷೆಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಬೋರ್ಡಿನಲ್ಲಿ ಇಂಗ್ಲಿಷಿನ ಜಿ ಕಂಡರೆ ಙ ಅಂತ ಓದಿ. ನಾವು ಹಾಗೆ ಓದಿದ್ದಕ್ಕೆ ಅಂಗಡಿಯ ಹೆಂಗಸು ಕಣ್ಣರಳಿಸಿ, ಇನ್ನೊಂದು ಸಲ ಹೇಳಿ ಅಂದಳು.

ಇನ್ನು ಯಾವ ಕಡೆಯಿಂದ ಸುತ್ತಬೇಕು ಅನ್ನುವುದು. ಅಲ್ಲಿ ಒಣ ಕಾಲ ಮೇಯಿಂದ ಅಕ್ಟೋಬರ್, ನಾವು ಹೋಗಿದ್ದು ಜುಲೈ. ಆ ತಿಂಗಳುಗಳಲ್ಲಿ ಗಾಳಿ ಆಗ್ನೇಯದಿಂದ ಬಿಡದೆ ಬೀಸುತ್ತದೆ. ನಮ್ಮ ಗೈಡ್‌ಗಳು ಉತ್ತರದ ಕಡೆಯಿಂದ ಶುರು ಮಾಡಿ, ಪಶ್ಚಿಮ ಸುತ್ತಿ, ದಕ್ಷಿಣ ಕರಾವಳಿಯಲ್ಲಿ ವಾಪಸ್ ಕರೆತಂದರು. ಮೊದಲ ದಿನಗಳು ಹಾಯಾಗಿದ್ದವು, ಕೊನೆಯ ಎರಡು ದಿನ ಗಾಳಿ ನೇರ ಎದೆಗೆ. ದಕ್ಷಿಣದಿಂದ ಶುರು ಮಾಡಿದರೆ ಗಾಳಿ ಬೆನ್ನಿಗಿರುತ್ತದೆ, ಎಡಗಡೆ ಓಡಿಸುವುದರಿಂದ ಸಮುದ್ರವೂ ನಿಮ್ಮ ಪಕ್ಕಕ್ಕೇ ಬರುತ್ತದೆ. ಮತ್ತೆ ಹೋದರೆ ನಾನು ಹಾಗೇ ಹೋಗುತ್ತೇನೆ. ಗೈಡ್‌ಗಳು ಉತ್ತರದಿಂದ ಶುರು ಮಾಡಿದ್ದಕ್ಕೆ ಕಾರಣವಿತ್ತು. ಭಾನುವಾರ ಉತ್ತರ ಕರಾವಳಿಯ ಮನಾಸೆ ಊರಿನಲ್ಲಿ ಇರಬೇಕು ಅಂತ.

ಭಾನುವಾರ ಸಮೋವಾದಲ್ಲಿ ಸೈಕಲ್ ತುಳಿಯಬೇಡಿ. ತುಳಿದರೆ ಯಾರೂ ಹೊಡೆಯುವುದಿಲ್ಲ, ಆದರೆ ಅವತ್ತು ಊರೆಲ್ಲ ಚರ್ಚಿನಲ್ಲಿ ಇರುತ್ತದೆ, ಬಸ್ಸು ಓಡುವುದಿಲ್ಲ, ಎಷ್ಟೋ ಹಳ್ಳಿಗಳಲ್ಲಿ ಸಮುದ್ರಕ್ಕೆ ಇಳಿಯುವುದೂ ಸರಿಯಲ್ಲ. ಬೆಳಗ್ಗೆಯಿಂದಲೇ ಪ್ರತಿ ಮನೆಯ ಹಿಂದೆ ಉಮು ಹೊಗೆ. ಕಾದ ಕಲ್ಲಿನ ಮೇಲೆ ಗೆಡ್ಡೆ, ಕಾಯಿ ಇಟ್ಟು ಬಾಳೆ ಎಲೆ ಮುಚ್ಚಿ ಬೇಯಿಸುವ ಒಲೆ ಅದು. ಬಿಳಿ ಬಟ್ಟೆ, ಬಿಳಿ ಟೋಪಿ ಹಾಕಿದ ಹೆಂಗಸರು ಗುಂಪುಗುಂಪಾಗಿ ರಸ್ತೆಯಲ್ಲಿ ನಡೆದು ಹೋಗುತ್ತಾರೆ. ನಾವೂ ಕರೆದರು ಅಂತ ಚರ್ಚಿಗೆ ಹೋದೆವು. ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ಆ ಹಾಡು! ವಾದ್ಯ ಇಲ್ಲದೆ ಇಡೀ ಊರು ಮೂರು ನಾಲ್ಕು ಸ್ವರದಲ್ಲಿ ಹಾಡುವಾಗ ಬೆಂಚು ನಡುಗುವುದು ಕೈಗೆ ಗೊತ್ತಾಗುತ್ತಿತ್ತು. ಒಂದು ಉದ್ದ ಫ್ರಾಕೋ, ಸಲ್ವಾರೋ ಇದಕ್ಕೆಂದೇ ಇಟ್ಟುಕೊಳ್ಳಿ.

ಸಂಜೆಯದ್ದೂ ಒಂದು ನಿಯಮ ಇದೆ, ಅದರ ಹೆಸರು ಸಾ. ಆರೂ ಆರೂವರೆ ಹೊತ್ತಿಗೆ ಹಳ್ಳಿಗಳಲ್ಲಿ ಶಂಖ ಊದುತ್ತಾರೆ, ಇಲ್ಲವೇ ಮರಕ್ಕೆ ನೇತುಹಾಕಿದ ಹಳೇ ಗ್ಯಾಸ್ ಸಿಲಿಂಡರ್ ಬಾರಿಸುತ್ತಾರೆ. ನಮ್ಮ ಸರ್ಕಾರಿ ಶಾಲೆಯಲ್ಲಿ ರೈಲು ಹಳಿಯ ತುಂಡು ಬಾರಿಸುತ್ತಿದ್ದರಲ್ಲ, ಅದೇ ಸದ್ದು. ಮೊದಲ ಸದ್ದಿಗೆ ಮನೆ ಸೇರಬೇಕು, ಎರಡನೆಯದಕ್ಕೆ ಪ್ರಾರ್ಥನೆ, ಮೂರನೆಯದಕ್ಕೆ ಮುಗಿಯಿತು. ಒಂದು ದಿನ ನಮ್ಮ ಮೂವರಿಗೆ ತಡವಾಗಿತ್ತು. ರಸ್ತೆ ಬದಿಯಲ್ಲಿ ಲುಂಗಿ ಥರದ ಲಾವಾಲಾವಾ ಉಟ್ಟ ಹುಡುಗರು ಸಾಲಾಗಿ ನಿಂತಿದ್ದರು, ಒಬ್ಬ ಕೈ ಎತ್ತಿದ. ಇಳಿದು ಹಲಸಿನ ಜಾತಿಯ ಒಂದು ಮರದ ಕೆಳಗೆ ಕೂತೆವು. ಹದಿನೈದು ನಿಮಿಷ. ಗೋಡೆಯೇ ಇಲ್ಲದ ಮನೆಗಳು ಅವು, ಕಂಬಗಳ ನಡುವೆ ಒಂದೊಂದು ಸಂಸಾರ ಚಾಪೆಯ ಮೇಲೆ ಕಾಲು ಮಡಚಿ ಕೂತು ಹಾಡುವುದು ಕಾಣುತ್ತಿತ್ತು. ಮೂರನೇ ಸದ್ದಾದ ಮೇಲೆ ಅದೇ ಹುಡುಗ ಬಂದು ಎಳನೀರು ಕೊಟ್ಟು ಹೋದ. ಐದೂವರೆಗೆ ತಂಗುವ ಜಾಗ ಸೇರುವ ಹಾಗೆ ಲೆಕ್ಕ ಹಾಕಿ. ಸೇರಲಾಗದಿದ್ದರೆ ಗಾಬರಿ ಬೇಡ, ಸದ್ದು ಕೇಳಿದ ಕೂಡಲೇ ಇಳಿದು ಕೂತುಬಿಡಿ.

ಬಟ್ಟೆಯ ವಿಷಯ. ಹಳ್ಳಿಯೊಳಗೆ ಹೆಗಲು, ಮಂಡಿ ಮುಚ್ಚಿರಬೇಕು. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಮೇಲೆ ಮಂಡಿಯವರೆಗಿನ ಸಡಿಲ ಚಡ್ಡಿ ಹಾಕಿದರೆ ಯಾವ ತೊಂದರೆಯೂ ಇಲ್ಲ. ಒಂದು ಲಾವಾಲಾವಾ ಹ್ಯಾಂಡಲ್ ಚೀಲದಲ್ಲಿ ಇರಲಿ, ಸಲೆಲೊಲೊಙದ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಸುತ್ತಿಕೊಳ್ಳುವುದಕ್ಕೆ, ಒರೆಸಿಕೊಳ್ಳುವುದಕ್ಕೆ, ರಸ್ತೆ ಬದಿಯಲ್ಲಿ ಮರೆ ಮಾಡಿಕೊಳ್ಳುವುದಕ್ಕೆ ಎಲ್ಲದಕ್ಕೂ ಅದೇ. ಹಳ್ಳಿ ಬೀಚಿನಲ್ಲಿ ಟೀ ಶರ್ಟ್ ಹಾಕಿಕೊಂಡೇ ಈಜಿ, ಅಲ್ಲಿನ ಹೆಂಗಸರೂ ಹಾಗೇ ಈಜುತ್ತಾರೆ. ಪ್ಯಾಡ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ, ಉಜ್ಜಿ ಗಾಯವಾಗುತ್ತದೆ. ಮುಟ್ಟಿನ ಸಾಮಾನನ್ನು ಮನೆಯಿಂದಲೇ ಒಯ್ಯಿರಿ. ಹಳ್ಳಿ ಅಂಗಡಿಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಹೆಂಗಸರದ್ದೇ ಗುಂಪು ಯಾಕೆ ಅಂತ ಅಣ್ಣ ಕೇಳಿದ್ದ. ಇದಕ್ಕೇ. ಮಲಗುವುದು ಸಮುದ್ರದ ಅಂಚಿನ ಫಾಲೆಗಳಲ್ಲಿ. ಮರದ ಕಟ್ಟೆ, ಹಾಸಿಗೆ, ಸೊಳ್ಳೆ ಪರದೆ, ಗೋಡೆಯ ಬದಲು ತೆಂಗಿನ ಗರಿಯ ತಟ್ಟಿ. ದಾರ ಎಳೆದರೆ ತಟ್ಟಿ ಮೇಲೆ, ಬಿಟ್ಟರೆ ಕೆಳಗೆ. ಜೊತೆಯಲ್ಲಿ ಎಲ್ಲ ಹೆಂಗಸರೇ ಇದ್ದರೆ ಅಲ್ಲಿ ನಿಶ್ಚಿಂತೆಯಾಗಿ ಕಾಲು ಚಾಚಬಹುದು. ಇನ್ನೂ ಮುಖ್ಯವಾದದ್ದು, ಊರಿನ ಹೆಂಗಸರು ಒಳಗೆ ಕರೆಯುತ್ತಾರೆ. ನಮ್ಮ ಇಬ್ಬರು ಗೈಡ್‌ಗಳಲ್ಲಿ ಒಬ್ಬಳು ಸವಾಯಿಯವಳೇ. ಅವಳ ಚಿಕ್ಕಮ್ಮನ ಊರಿನಲ್ಲಿ ಮಹಿಳಾ ಸಮಿತಿಯವರು ಒಟ್ಟಿಗೆ ಕೂತು ಚಾಪೆ ಹೆಣೆಯುತ್ತಿದ್ದರು. ಕೇದಗೆ ಜಾತಿಯ ಎಲೆ ಅದು, ಬೇಯಿಸಿ, ಒಣಗಿಸಿ, ಉಗುರಿನಿಂದ ಸೀಳಿ ಸೀಳಿ ದಾರದಷ್ಟು ಸಣ್ಣಗೆ ಮಾಡುತ್ತಾರೆ. ಒಂದು ಒಳ್ಳೆಯ ಚಾಪೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಗಿದದ್ದನ್ನು ಕೈಯಲ್ಲಿ ಹಿಡಿದರೆ ಹಳೇ ಹತ್ತಿ ಸೀರೆಯ ಹಾಗೆ ಮೆತ್ತಗೆ, ಮಡಚಿದರೆ ಮಡಿಕೆ ನಿಲ್ಲುವುದಿಲ್ಲ. ಮದುವೆಗೆ, ಸಾವಿಗೆ, ಗೌರವಕ್ಕೆ ಕೊಡುವ ಉಡುಗೊರೆ ಅದು. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಅತ್ತಿಗೆ ಪಕ್ಕದಲ್ಲಿ ಕೂತು ನಾಲ್ಕು ಸಾಲು ಹೆಣೆದಳು. ಅಜ್ಜಿಯೊಬ್ಬರು ನೋಡಿ, ಎರಡು ಸಾಲು ಬಿಚ್ಚಿ, ಎರಡು ಉಳಿಸಿದರು.

ಬಿಸಿಲನ್ನು ಹಗುರ ಮಾಡಬೇಡಿ. ನಮ್ಮ ಕರಾವಳಿಯ ಏಪ್ರಿಲ್ ಗೊತ್ತಿದ್ದವರಿಗೆ ಸೆಕೆ ಹೊಸದಲ್ಲ, ಆದರೆ ಸೈಕಲ್ ಮೇಲೆ ಗಾಳಿ ಬೀಸುವಾಗ ಬೆವರಿದ್ದು ತಿಳಿಯುವುದೇ ಇಲ್ಲ. ಜುಲೈಯಲ್ಲಿ ಬೆಳಕು ಹರಿಯುವುದೇ ಏಳರ ಹತ್ತಿರ, ಆ ಹೊತ್ತಿಗೆ ಹೊರಟು ಹನ್ನೊಂದರೊಳಗೆ ಮುಗಿಸಿಬಿಡಿ. ಉತ್ತರದಲ್ಲಿ ಆಓಪೊ ಊರಿನ ಕಡೆ ರಸ್ತೆ ಸಮುದ್ರ ಬಿಟ್ಟು ಒಳಗೆ ಏರುತ್ತದೆ. ಇಡೀ ಸುತ್ತಿನಲ್ಲಿ ನನಗೆ ಕಷ್ಟವಾದ ಏರು ಅದೊಂದೇ. ಅವತ್ತು ನಾನು ಬರೀ ನೀರು ಕುಡಿದೆ, ಉಪ್ಪು ಸಕ್ಕರೆ ಪುಡಿ ಚೀಲದಲ್ಲೇ ಉಳಿಯಿತು. ಏರಿನ ಅರ್ಧದಲ್ಲಿ ಎರಡೂ ಮೀನಖಂಡ ಕಲ್ಲಾದವು, ತಲೆ ಸುತ್ತಿತು. ವ್ಯಾನ್ ಹತ್ತಿದೆ. ಮುಂದಿನ ದಿನಗಳಲ್ಲಿ ಪ್ರತಿ ಗಂಟೆಗೆ ಒಂದು ಸಲ ಓಆರ್‌ಎಸ್, ಮಧ್ಯೆ ಎಳನೀರು, ಮತ್ತೆ ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಆಸಾವು ಊರಿನವರೆಗೆ ಅಂಗಡಿ ನಂಬಬೇಡಿ, ನೀರು ಜಾಸ್ತಿ ಹಿಡಿದುಕೊಳ್ಳಿ.

ನಾಯಿಗಳು ಇವೆ. ಮನೆಗೊಂದು, ಎರಡು. ಸೈಕಲ್ ಕಂಡರೆ ಅಟ್ಟಿಸಿಕೊಂಡು ಬರುತ್ತವೆ. ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ನೋಡಿದರೆ ಇನ್ನೂ ಹುರುಪು ಬರುತ್ತದೆ ಅವಕ್ಕೆ. ಇಳಿಯಿರಿ, ಸೈಕಲ್ ನಿಮ್ಮ ಮತ್ತು ನಾಯಿಯ ನಡುವೆ ಇರಲಿ, ಗಟ್ಟಿಯಾಗಿ ‘ಹಲು!’ ಅನ್ನಿ. ಹೋಗು ಅಂತ ಅರ್ಥ. ನಮ್ಮ ಹಾಲು ನೆನಪಿದ್ದರೆ ಇದೂ ಮರೆಯುವುದಿಲ್ಲ. ಬಗ್ಗಿ ಕಲ್ಲು ಎತ್ತಿಕೊಳ್ಳುವ ಹಾಗೆ ಮಾಡಿದರೂ ಸಾಕು, ಎಸೆಯಬೇಕಿಲ್ಲ.

ಊಟ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಹೋದ ಮೇಲೆ ಮತ್ತೆ ಹೇಳಿ. ಹಂದಿ, ಕೋಳಿ, ಮೀನು, ಮತ್ತೆ ಪಿಸುಪೊ ಅನ್ನುವ ಡಬ್ಬಿಯ ದನದ ಮಾಂಸ ಎಲ್ಲೆಲ್ಲೂ ಇರುತ್ತವೆ. ನನ್ನ ಪಾಲಿನ ಸಂತೋಷ ಅಂದರೆ ಪಲುಸಾಮಿ. ಎಳೇ ಕೆಸುವಿನ ಎಲೆಯಲ್ಲಿ ಗಟ್ಟಿ ತೆಂಗಿನ ಹಾಲು, ಈರುಳ್ಳಿ ತುಂಬಿ ಉಮುವಿನಲ್ಲಿ ಬೇಯಿಸುತ್ತಾರೆ. ಪತ್ರೊಡೆಯ ಎಲೆಯೇ, ಆದರೆ ಅಕ್ಕಿ ಇಲ್ಲ, ಹುಳಿ ಖಾರ ಇಲ್ಲ. ಕೆಲವರು ಪಿಸುಪೊ ಸೇರಿಸುತ್ತಾರೆ, ಕೇಳಿ ತಿನ್ನಿ. ಜೊತೆಗೆ ಸುಟ್ಟ ಜೀಗುಜ್ಜೆ, ಅಲ್ಲಿ ಅದಕ್ಕೆ ಉಲು ಅನ್ನುತ್ತಾರೆ. ಅತ್ತಿಗೆ ತಂದಿದ್ದ ಚಟ್ನಿಪುಡಿಯನ್ನು ಬಿಸಿ ಜೀಗುಜ್ಜೆಗೆ ಉದುರಿಸಿಕೊಂಡು ತಿಂದಿದ್ದು ಈಗಲೂ ನಾಲಿಗೆಯಲ್ಲಿದೆ. ಕಮ್ಮಿ ಬೀಳುವುದು ಬೇಳೆಕಾಳು. ಚಿಕ್ಕಿ, ಹುರಿಗಡಲೆ ಒಯ್ಯಿರಿ, ವಿಮಾನ ನಿಲ್ದಾಣದ ಫಾರಂನಲ್ಲಿ ಮುಚ್ಚಿಡದೆ ಬರೆಯಿರಿ.

ನೋಡುವ ಜಾಗ ಬೇಕಾದಷ್ಟಿವೆ, ಎರಡು ಮಾತ್ರ ಬಿಡಬೇಡಿ. ಒಂದು ಸಲೆಆಉಲಾ. 1905ರಿಂದ 1911ರವರೆಗೆ ಮಟವನು ಜ್ವಾಲಾಮುಖಿ ಉಕ್ಕಿ ಊರುಗಳನ್ನೇ ಮುಚ್ಚಿತು. ಅಲ್ಲಿ ಒಂದು ಚರ್ಚಿನ ಗೋಡೆಗಳು ಉಳಿದಿವೆ, ಒಳಗೆ ನೆಲದ ಬದಲು ಆಳೆತ್ತರದ ಕಪ್ಪು ಲಾವಾ. ಮೇಲಿನ ತಗಡು ಬಿಸಿ ಲಾವಾದ ಮೇಲೆ ಬಿದ್ದಿತ್ತಂತೆ, ತಗಡಿನ ಅಲೆ ಅಲೆ ಗೆರೆಗಳು ಕಲ್ಲಿನಲ್ಲಿ ಹಾಗೇ ಅಚ್ಚಾಗಿವೆ. ಬೆರಳಾಡಿಸಿ ನೋಡಿದೆ. ಇನ್ನೊಂದು ದಕ್ಷಿಣದ ತಾಙ ಊರಿನ ಅಲೊಫಾಆಙ. ಲಾವಾ ಬಂಡೆಯ ತೂತುಗಳಿಂದ ಸಮುದ್ರದ ನೀರು ಕಾರಂಜಿಯಾಗಿ ಚಿಮ್ಮುತ್ತದೆ. ಊರಿನವರೊಬ್ಬರು ತೆಂಗಿನಕಾಯಿ ಒಳಗೆ ಎಸೆದು ಆಕಾಶಕ್ಕೆ ಹಾರಿಸಿ ತೋರಿಸುತ್ತಾರೆ. ಉಬ್ಬರದ ಹೊತ್ತಿಗೆ ಹೋಗಿ. ಒದ್ದೆ ಬಂಡೆಯ ಹತ್ತಿರ ಹೋಗಬೇಡಿ.

ಪ್ರತಿ ಜಾಗದಲ್ಲೂ ಊರಿನವರು ಸ್ವಲ್ಪ ಹಣ ತೆಗೆದುಕೊಳ್ಳುತ್ತಾರೆ, ಜಾಗ ಅವರದ್ದೇ. ಚೌಕಾಸಿ ಬೇಡ. ಚಿಲ್ಲರೆ ತಾಲಾ ನೋಟುಗಳನ್ನು ಸಲೆಲೊಲೊಙದಲ್ಲೇ ಮಾಡಿಸಿಕೊಳ್ಳಿ, ಮುಂದೆ ಎಟಿಎಂ ನಂಬಿ ಹೋಗಬೇಡಿ. ಸೊಳ್ಳೆ ಹಗಲೂ ಕಚ್ಚುತ್ತದೆ, ಡೆಂಗಿ ಇದೆ, ಮುಲಾಮು ಹಚ್ಚಿಕೊಳ್ಳಿ.

ಬಾಡಿಗೆ ಸೈಕಲ್ ಬಗ್ಗೆ ಒಂದು ಬೇಜಾರು ಹೇಳಲೇಬೇಕು. ಫಾರಂನಲ್ಲಿ ಎತ್ತರ ಬರೆದು ಕೊಟ್ಟಿದ್ದೆ, ಆದರೂ ಬಂದದ್ದು ನನಗಿಂತ ದೊಡ್ಡವರ ಸೈಕಲ್. ಎರಡು ದಿನ ಮಂಡಿ ನೋವು, ಆಮೇಲೆ ವ್ಯಾನಿನಲ್ಲಿದ್ದ ಇನ್ನೊಂದನ್ನು ಕೊಟ್ಟರು. ನೀವು ಎತ್ತರದ ಜೊತೆ ಕಾಲಿನ ಒಳ ಅಳತೆಯನ್ನೂ ಕಳಿಸಿ, ಮೊದಲ ದಿನವೇ ಅರ್ಧ ಗಂಟೆ ಓಡಿಸಿ ನೋಡಿ, ಸಂಕೋಚ ಪಡದೆ ಬದಲಿಸಲು ಹೇಳಿ. ಸ್ವಂತ ಸೀಟು ಒಯ್ದವರು ಯಾರೂ ದೂರಲಿಲ್ಲ.

ದಾರಿಯುದ್ದಕ್ಕೂ ಮಕ್ಕಳು ಬಾಯ್ ಬಾಯ್ ಅಂತ ಕೂಗುತ್ತವೆ. ದೊಡ್ಡವರು ‘ಎಲ್ಲಿಗೆ ಹೊರಟ್ರಿ?’ ಅಂತ ಕೇಳುತ್ತಾರೆ, ನಮ್ಮೂರಲ್ಲಿ ಕೇಳಿದ ಹಾಗೆಯೇ. ‘ತಫಾಓ’ ಅನ್ನಿ, ಸುಮ್ನೆ ತಿರುಗಾಡೋಕೆ ಅಂತ. ಅಷ್ಟಕ್ಕೆ ನಕ್ಕು ಕೂರಿಸಿಕೊಳ್ಳುತ್ತಾರೆ, ಅದಕ್ಕೂ ಸಮಯ ಇಟ್ಟುಕೊಳ್ಳಿ. ನಾವು ದಿನಕ್ಕೆ 40 ಕಿಲೋಮೀಟರ್ ಅಂತ ಇಟ್ಟುಕೊಂಡಿದ್ದೇ ಜಾಸ್ತಿಯಾಯಿತು ಅಂತ ನನಗೆ ಅನ್ನಿಸಿತು. 30 ಇದ್ದಿದ್ದರೆ ಆ ಚಾಪೆ ಹೆಣೆಯುವವರ ಜೊತೆ ಇಡೀ ಮಧ್ಯಾಹ್ನ ಕೂರಬಹುದಿತ್ತು.

ನ್ಯೂಜಿಲೆಂಡ್ ಮೇಲಿಂದ ವಾಪಸ್ ಬರುವವರು ಕೊನೆಯ ಸಂಜೆ ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ. ಬೂಟಿನ ತಳ, ಸ್ವಂತ ಸೈಕಲ್ ಒಯ್ದಿದ್ದರೆ ಅದರ ಟೈರು, ಎಲ್ಲವನ್ನೂ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಮಣ್ಣು, ಬೀಜ ಒಳಗೆ ಬಿಡುವುದಿಲ್ಲ, ಬ್ಯಾಗಿನಲ್ಲಿ ಮರೆತ ಒಂದು ಹಣ್ಣಿಗೂ ಸ್ಥಳದಲ್ಲೇ 400 ಡಾಲರ್ ದಂಡ ಹಾಕುತ್ತಾರೆ. ನಾವು ಒಂಬತ್ತೂ ಜನ ಕೊನೇ ರಾತ್ರಿ ಫಾಲೆಯ ಕಟ್ಟೆಯ ಮೇಲೆ ಸಾಲಾಗಿ ಕೂತು, ಒಂದೇ ಬಕೆಟ್ ನೀರಿನಲ್ಲಿ ಬೂಟು ತಿಕ್ಕಿದೆವು. ನೀರು ಕಪ್ಪಾಯಿತು, ಲಾವಾದ ಪುಡಿ.